ಅಮ್ಮನ ಮದುವೆಯ ರವಿಕೆ

ಸೀರೆಗೆ ಅಳತೆಯ ಹಂಗಿಲ್ಲ. 1912ರಲ್ಲಿ ಸ್ಥಾಪಿತವಾದ ಮೈಸೂರಿನ ರೇಷ್ಮೆ ಕಾರ್ಖಾನೆಯ ಹಳೆಯ ಸೀರೆಯನ್ನು ಮೊಮ್ಮಗಳೂ ನಿಶ್ಚಿಂತೆಯಿಂದ ಉಡಬಹುದು. ರವಿಕೆಯ ಪಾಡು ಹಾಗಲ್ಲ. ಬೇಲೂರು ತಾಲ್ಲೂಕಿನ ಅರೇಹಳ್ಳಿಯಂತಹ ಕಾಫಿಸೀಮೆಯಲ್ಲಿ, ಮಳೆಗಾಲದ ತೇವವು ಪೆಟ್ಟಿಗೆಯೊಳಗಣ ವಸ್ತ್ರಗಳಿಗೂ ಬೂಷ್ಟು ಹಿಡಿಸುವುದರಿಂದ, ತಾಯಿಯ ಮದುವೆಯ ರವಿಕೆಯನ್ನು ಮಗಳು ತೊಡಬಯಸಿದಾಗ, ಅದು ಮೈಗೆ ಬಿಗಿಯಾದೀತೆಂಬ ಚಿಂತೆಗಿಂತ ಮೊದಲು, ಬಟ್ಟೆಯಲ್ಲಿ ಇನ್ನೂ ಸತ್ತ್ವ ಉಳಿದಿದೆಯೇ ಎಂಬುದನ್ನು ಪರೀಕ್ಷಿಸತಕ್ಕದ್ದು. ಮಡಿಕೆಯ ಗೆರೆಯಲ್ಲಿ ಎಳೆಗಳು ಸೀಳತೊಡಗಿದ್ದರೆ ಒಳಗಿನಿಂದ ತೆಳುವಾದ ಹತ್ತಿಯ ಅಸ್ತರು ಕೊಡದೆ ಗತ್ಯಂತರವಿಲ್ಲ.

ಬಲ್ಲ ದರ್ಜಿಯು ಮೊದಲಿಗೇ ಕತ್ತರಿಯನ್ನು ಮುಟ್ಟುವುದಿಲ್ಲ. ರವಿಕೆಯನ್ನು ಒಳಮಗ್ಗುಲಾಗಿ ತಿರುವಿ, ಹಿಂದಿನವರು ದೂರದೃಷ್ಟಿಯಿಂದ ಹೊಲಿಗೆಯೊಳಗೆ ಬಿಟ್ಟಿರುವ ಹೆಚ್ಚುವರಿ ಬಟ್ಟೆಯನ್ನು ಅಳೆಯುತ್ತಾನೆ: ಎರಡು ಪಕ್ಕಗಳ ನಾಲ್ಕು ಅಂಚುಗಳಲ್ಲಿ ಅರ್ಧರ್ಧ ಅಂಗುಲ ಬಿಚ್ಚಿದರೆ ಸುತ್ತಳತೆಗೆ 2 ಅಂಗುಲ ಕೂಡುವುದು. ಅದೂ ಸಾಲದಿದ್ದಲ್ಲಿ ಕಂಕುಳ ಕೆಳಗೆ, ಅದೇ ಬಣ್ಣದ ರೇಷ್ಮೆಯ ಪಟ್ಟಿಯೊಂದನ್ನು ಸೇರಿಸಬಹುದು. ತೋಳೆತ್ತಿದಾಗಲಲ್ಲದೆ ಅದು ಕಾಣದು. ಬಿಚ್ಚಿದೆಡೆಯಲ್ಲಿ ಹಳೆಯ ಸೂಜಿಯ ರಂಧ್ರಗಳೂ, ಬೆಳಕು ತಾಗದೆ ಮಾಸದುಳಿದ ಬಣ್ಣದ ಗೆರೆಯೂ ಗೋಚರಿಸುವುವು. ಅವನ್ನು ಕುಂದೆಂದು ಭಾವಿಸಿ ಇಂತಹ ವಸ್ತ್ರವನ್ನು ಜರಿ ಕರಗಿಸುವವರಿಗೆ ಮಾರಿಬಿಡುವ ರೂಢಿಯನ್ನು ಕಂಡಾಗ ನನ್ನ ಮನಸ್ಸು ನೋಯುತ್ತದೆ; ಆ ಗೆರೆಯ ಮೇಲೆ ಸಣ್ಣ ಜರಿಪಟ್ಟಿಯನ್ನು ಕೈಹೊಲಿಗೆಯಿಂದ ಕೂಡಿಸಿದರೆ ಸಾಕಲ್ಲವೇ!