ಆಕಾಶಬುಟ್ಟಿಯನ್ನು ಇಳಿಸಿದ ಮೇಲೆ

ದೀಪಾವಳಿ ಮುಗಿದು ಕಾರ್ತಿಕವೂ ಕಳೆಯಿತೆಂದರೆ ನಮ್ಮ ಭಾಗದ ಮನೆಗಳಲ್ಲಿ ಆಕಾಶಬುಟ್ಟಿಯನ್ನು ಇಳಿಸಿ ಅಟ್ಟಕ್ಕೆ ಏರಿಸುವರು. ಬಿದಿರು ಸೀಳಿದ ಕೈಯೂ ಬಣ್ಣದ ಕಾಗದ ಅಂಟಿಸಿದ ಕೈಯೂ ಮುಂದಿನ ವರುಷದವರೆಗೆ ಆ ಕೆಲಸವನ್ನು ಮರೆತುಬಿಡುವವು. ಅದೇ ದಿನಗಳಲ್ಲಿ ಬೆಟಗೇರಿಯ ಕ್ರೈಸ್ತ ಬಂಧುಗಳ ಮನೆಗಳ ಮುಂದೆ ಕಾಗದದ ನಕ್ಷತ್ರಗಳು ಬೆಳಗತೊಡಗುವವು. ಬುಟ್ಟಿಯೂ ನಕ್ಷತ್ರವೂ ಒಂದೇ ಕಸುಬಿನ ಎರಡು ರೂಪಗಳು: ಅದೇ ಬಿದಿರು, ಅದೇ ಕಾಗದ, ಅದೇ ಅಂಟು. ಹೀಗಿರಲು ಒಂದನ್ನು ಬಲ್ಲ ಗೃಹಿಣಿಯು ಇನ್ನೊಂದನ್ನು ಮಾಡಿ ಮಾರಿ ನಾಲ್ಕು ಕಾಸು ಗಳಿಸಬಾರದೇಕೆ? ಅಡ್ಡಿಯಾಗಿರುವದು ಕೈಯ ಕೊರತೆಯಲ್ಲ, ಲೆಕ್ಕದ ಕೊರತೆ ಎಂಬುದು ನನ್ನ ಅಭಿಪ್ರಾಯ.

ಬೆಟಗೇರಿಗೆ ಕ್ರಿಸ್ತಜಯಂತಿಯು ನಿನ್ನೆ ಮೊನ್ನೆ ಬಂದುದಲ್ಲ. 1834ರಲ್ಲಿ ಮಂಗಳೂರಿನಲ್ಲಿ ಇಳಿದ ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡಕ್ಕೆ ಬಂದು, 1841ರಲ್ಲಿ ಬೆಟಗೇರಿಯಲ್ಲಿಯೂ ನೆಲೆಯೂರಿದರು. ನೇಕಾರರ ಮಗ್ಗಗಳ ಸದ್ದಿನ ನಡುವೆಯೇ ಆ ಹಬ್ಬವು ಇಲ್ಲಿಯದಾಗಿ ಬೆಳೆದಿದೆ.

ನಕ್ಷತ್ರದ ಮಾತು ಬಂದಾಗ ಜರ್ಮನಿಯ ಒಂದು ಸಂಗತಿಯನ್ನು ಹೇಳಬೇಕು. ಅಲ್ಲಿಯ ಮೊರೇವಿಯನ್ ಸಭೆಯ ಶಾಲೆಯೊಂದರಲ್ಲಿ 1830ರ ಸುಮಾರಿಗೆ ಹುಡುಗರಿಗೆ ರೇಖಾಗಣಿತ ಕಲಿಸಲು ಕಾಗದದ ನಕ್ಷತ್ರ ಮಾಡಿಸುತ್ತಿದ್ದರು. ಹದಿನೇಳು ಚೌಕ ಬುಡದ ಮೊನೆಗಳು, ಎಂಟು ತ್ರಿಕೋನ ಬುಡದ ಮೊನೆಗಳು, ಒಟ್ಟು ಇಪ್ಪತ್ತೈದು. ಉಳಿದ ಒಂದು ಮುಖವು ತೂಗಹಾಕುವದಕ್ಕೆ. ಲೆಕ್ಕದ ಪಾಠವಾಗಿ ಹುಟ್ಟಿದ ಇದು ಆ ಶತಮಾನದ ಕೊನೆಗೆ ಹೆರ್ನ್‌ಹೂಟ್ ಎಂಬ ಸಣ್ಣ ಊರಿನ ಉದ್ಯಮವಾಯಿತು. ಇಂದಿಗೂ ಆ ನಕ್ಷತ್ರಕ್ಕೆ ಆ ಊರಿನದೇ ಹೆಸರು. ನಮ್ಮಲ್ಲಿ ತೂಗುವದು ಅದಲ್ಲ, ಐದು ಮೂಲೆಯ ಸರಳ ನಕ್ಷತ್ರ. ಅದಕ್ಕೆ ಇಷ್ಟೊಂದು ಗಣಿತ ಬೇಡ.

ಒಂದೇ ಅಳತೆಯ ಹತ್ತು ಬಿದಿರಕಡ್ಡಿಗಳು ಬೇಕು. ಒಂದು ಮೊಳದ ಉದ್ದವಿದ್ದರೆ ಮನೆಯ ಬಾಗಿಲಿಗೆ ಸಾಕಾದೀತು. ಮೇದಾರರಲ್ಲಿ ಸೀಳಿಸಿಕೊಂಡರೆ ಕಡ್ಡಿಯ ದಪ್ಪ ಒಂದೇ ಸಮನಾಗಿರುವದು. ಐದೈದರಿಂದ ಎರಡು ನಕ್ಷತ್ರಗಳನ್ನು ಕಟ್ಟಿ, ಒಂದರ ಮೇಲೊಂದಿಟ್ಟು, ಐದೂ ತುದಿಗಳನ್ನು ದಾರದಿಂದ ಬಿಗಿಯಿರಿ. ಆ ಮೇಲೆ ಒಳಗಿನ ಐದು ಕೂಡುಗಳಲ್ಲಿ ನಾಲ್ಕು ಬೆರಳುದ್ದದ ತುಂಡುಗಡ್ಡಿಗಳನ್ನು ಆನಿಸಿ ನಿಲ್ಲಿಸಿದರೆ ಚಪ್ಪಟೆಯಾಗಿದ್ದ ಹಂದರವು ಉಬ್ಬಿ ನಿಲ್ಲುವದು. ನನ್ನ ಮೊದಲನೆಯ ನಕ್ಷತ್ರದ ಒಂದು ಕಡ್ಡಿ ಅರ್ಧ ಬೆರಳಿನಷ್ಟು ಗಿಡ್ಡವಾಗಿತ್ತು. ಇಡಿಯ ನಕ್ಷತ್ರವೇ ಸೊಟ್ಟಾಗಿ, ಮನೆಯ ಮಕ್ಕಳು ಅದಕ್ಕೆ ಕುಂಟನಕ್ಷತ್ರವೆಂದು ಹೆಸರಿಟ್ಟರು. ಅಂಟಿಗೆ ಮೈದಾಹಿಟ್ಟನ್ನು ಕುದಿಸಿ, ಹುಳು ಹಿಡಿಯದಂತೆ ಚಿಟಿಕೆ ಮೈಲುತುತ್ತವನ್ನು ಬೆರಸುವದು ವಾಡಿಕೆ. ಅದು ವಿಷವಾದುದರಿಂದ ಅಡಿಗೆಯ ಪಾತ್ರೆಯಲ್ಲಿ ಕಲಸಬಾರದು, ಮಕ್ಕಳ ಕೈಗೆ ಕೊಡಲೂಬಾರದು. ಹಿಂಬದಿಯ ಒಂದು ತ್ರಿಕೋನವನ್ನು ದೀಪ ಇಡಲು ತೆರೆದಿಡಬೇಕು. ಮೇಣದ ಬತ್ತಿಯ ಕಾಲದಲ್ಲಿ ಎಷ್ಟೋ ನಕ್ಷತ್ರಗಳು ಉರಿದುಹೋಗುತ್ತಿದ್ದವು. ಈಗಿನ ಎಲ್‌ಇಡಿ ದೀಪಗಳಿಗೆ ಕಾವು ಕಡಿಮೆಯಾದುದರಿಂದ ಆ ಭಯ ಬಹುಮಟ್ಟಿಗೆ ತಪ್ಪಿದೆ.

ಕಾಗದದ ನಕ್ಷತ್ರಕ್ಕೆ ಒಂದು ದೊಡ್ಡ ಕುಂದುಂಟು. ಕಾರಖಾನೆಯ ಮಡಿಕೆಯ ನಕ್ಷತ್ರವು ಕೈಚೀಲದಲ್ಲಿ ಹಿಡಿದೀತು. ನಮ್ಮದು ಮುಂಡರಗಿಯಿಂದ ಗದಗಿಗೆ ಬರುವ ಬಸ್ಸಿನ ನೂಕುನುಗ್ಗಲಿನಲ್ಲಿ ಒಂದಾದರೂ ಉಳಿಯದು. ಆದ್ದರಿಂದ ಹಂದರಗಳನ್ನು ಚಪ್ಪಟೆಯಾಗಿಯೇ ಕಟ್ಟಿಕೊಂಡು ಹೋಗಿ, ತುಂಡುಗಡ್ಡಿ ಆನಿಸಿ ಕಾಗದ ಹಚ್ಚುವ ಕೆಲಸವನ್ನು ಮಾರುವ ಸ್ಥಳದಲ್ಲಿಯೇ ಮಾಡುವದು ಲೇಸು. ಮಾಡುವದನ್ನು ಕಣ್ಣಾರೆ ಕಂಡ ಗಿರಾಕಿಯು ಬೆಲೆಗಾಗಿ ಅಷ್ಟಾಗಿ ಕೊಸರಾಡುವದಿಲ್ಲ.

ಇದಕ್ಕಿಂತಲೂ ನನಗೆ ಮೆಚ್ಚುಗೆಯಾದುದು ಹುಲ್ಲಿನ ನಕ್ಷತ್ರ. ಜರ್ಮನಿಯ ಮನೆಗಳಲ್ಲಿ ಹಬ್ಬದ ಗಿಡಕ್ಕೆ ಗೋಧಿ ಮೊದಲಾದ ಕಾಳುಗಳ ಹುಲ್ಲಿನಿಂದ ನಕ್ಷತ್ರ ಮಾಡಿ ತೂಗುವರು. ಗದಗಿನ ಸುತ್ತಿನ ಎರೆಹೊಲಗಳಲ್ಲಿ ಗೋಧಿಗೆ ಬರವೇ? ಆದರೆ ಯಂತ್ರದಿಂದ ರಾಶಿ ಮಾಡಿದ ಹುಲ್ಲು ನುಗ್ಗಾಗಿ ಕೆಲಸಕ್ಕೆ ಬಾರದು. ಕುಡಗೋಲಿನಿಂದ ಕೊಯ್ದ ಸೂಡುಗಳಿಂದಲೇ ಆರಿಸಬೇಕು. ಕೊನೆಯ ಗಿಣ್ಣಿಗೂ ತೆನೆಗೂ ನಡುವಿನ ನುಣುಪಾದ ಕೊಳವೆಯೇ ಬೇಕಾದ ಭಾಗ. ಅದನ್ನು ಬೆಚ್ಚನೆಯ ನೀರಿನಲ್ಲಿ ಒಂದು ತಾಸು ನೆನೆಯಿಸಿ, ಚೂರಿಯಿಂದ ಉದ್ದಕ್ಕೆ ಸೀಳಿ, ಒಳಮೈ ಮೇಲಾಗಿ ಹರಡಿ ಇಸ್ತ್ರಿ ಮಾಡಿದರೆ ಬಂಗಾರದ ಪಟ್ಟಿಯಂತಾಗುವದು. ನಾಲ್ಕು ಪಟ್ಟಿಗಳನ್ನು ನಡುವಿನಲ್ಲಿ ಒಂದರ ಮೇಲೊಂದು ಅಡ್ಡವಿಟ್ಟು, ಬೆರಳಿನಿಂದ ಒತ್ತಿಹಿಡಿದು, ದಾರವನ್ನು ಒಂದು ಎಳೆಯ ಮೇಲೆ, ಮುಂದಿನದರ ಕೆಳಗೆ ಎಂಬಂತೆ ಸುತ್ತಿ ಗಂಟು ಹಾಕಿದರೆ ಎಂಟು ಕಿರಣಗಳ ನಕ್ಷತ್ರ ಸಿದ್ಧ. ಬೆಟಗೇರಿಯ ಮಗ್ಗದ ಮನೆಗಳಲ್ಲಿ ಉಳಿಯುವ ಬಣ್ಣದ ನೂಲಿನ ತುಂಡುಗಳು ಇದಕ್ಕೆ ಹೇಳಿಮಾಡಿಸಿದಂತಿರುವವು. ನೂರು ನಕ್ಷತ್ರಗಳು ಒಂದು ಬಿಸ್ಕೀಟಿನ ಡಬ್ಬಿಯಲ್ಲಿ ಹಿಡಿಯುವವು.

ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿಗಳ ಸುತ್ತಲಿನ ತಾಂಡಾಗಳ ಲಂಬಾಣಿ ಸೋದರಿಯರಿಗಂತೂ ಹೊಸದಾಗಿ ಕಲಿಯಬೇಕಾದುದೇ ಇಲ್ಲ. ಕನ್ನಡಿ, ಕವಡೆಗಳನ್ನು ಹೊಲಿದ ಅಂಗೈಯಗಲದ ಒಂದು ಚೌಕಕ್ಕೆ ದಾರ ಕಟ್ಟಿದರೆ ಹಬ್ಬದ ಗಿಡದ ಮೇಲೆ ದೀಪವನ್ನು ಪ್ರತಿಬಿಂಬಿಸುವ ಆಭರಣವಾಯಿತು.

ಇನ್ನು ಲೆಕ್ಕ. ನಾನೊಮ್ಮೆ ಹನ್ನೆರಡು ಆಕಾಶಬುಟ್ಟಿಗಳನ್ನು ಮಾರಿ ಲಾಭವಾಯಿತೆಂದು ಹಿಗ್ಗಿದ್ದೆ. ಕಾಗದ, ಬಿದಿರಿನ ಖರ್ಚು ಕಳೆದು ಉಳಿದುದನ್ನು ದುಡಿದ ತಾಸುಗಳಿಂದ ಭಾಗಿಸಿದಾಗ, ಹೊಲದಲ್ಲಿ ಕಳೆ ಕೀಳುವವಳ ಕೂಲಿಯ ಅರ್ಧವೂ ನನಗೆ ದೊರೆತಿರಲಿಲ್ಲ. “ಮನೆಯಲ್ಲಿ ಕೂತು ಮಾಡಿದ್ದಕ್ಕೆ ಏನು ಖರ್ಚ್ರೀ?” ಎಂದು ಗಿರಾಕಿಗಳು ಕೇಳುವರು, ಅದಕ್ಕಿಂತ ಕೆಟ್ಟದ್ದೆಂದರೆ ನಾವೂ ಹಾಗೆಯೇ ನಂಬಿರುವದು.

ಉದಾಹರಣೆಗಾಗಿ ಒಂದು ತಾಸಿನ ಕೂಲಿಯನ್ನು 60 ರೂಪಾಯಿ ಎಂದು ಹಿಡಿಯೋಣ. ಹುಲ್ಲಿನ ನಕ್ಷತ್ರಕ್ಕೆ ಇಪ್ಪತ್ತು ನಿಮಿಷ, ಅಂದರೆ 20 ರೂಪಾಯಿ, ದಾರ, ಹಾಳಾದ ಹುಲ್ಲು ಇತ್ಯಾದಿಗೆ 3, ಒಟ್ಟು 23. ಅಂಗಡಿಯವರು ಮಾರಾಟದ ಬೆಲೆಯಲ್ಲಿ ಕಾಲು ಪಾಲನ್ನು ಇಟ್ಟುಕೊಳ್ಳುವವರಾದರೆ ಬಹಳ ಜನರು 23ಕ್ಕೆ ಅದರ ಕಾಲು ಭಾಗ ಕೂಡಿಸಿ 29 ರೂಪಾಯಿ ಎಂದು ಬರೆಯುವರು. ಇದು ತಪ್ಪು. 29ರಲ್ಲಿ ಕಾಲು ಪಾಲು ಹೋದರೆ ಕೈಗೆ ಬರುವದು ಇಪ್ಪತ್ತೆರಡಕ್ಕೂ ಕಡಿಮೆ. ಕೈಗೆ 23 ಬರಬೇಕಾದರೆ ಬೆಲೆಯು 31 ಆಗಬೇಕು. ಎರಡು ರೂಪಾಯಿ ಏನು ಮಹಾ ಎನ್ನಬೇಡಿರಿ. ಇನ್ನೂರು ನಕ್ಷತ್ರಗಳಿಗೆ ಅದು ನಾನೂರು.

ಮಾರುವ ಕಾಲವೂ ಮುಖ್ಯ. ಕ್ರೈಸ್ತರು ಹಬ್ಬಕ್ಕೆ ಮುಂಚಿನ ನಾಲ್ಕು ಆದಿತ್ಯವಾರಗಳಿಂದಲೇ ಅಣಿಯಾಗುವರು. ಡಿಸೆಂಬರ 20ಕ್ಕೆ ತಂದ ನಕ್ಷತ್ರವನ್ನು ಕೊಳ್ಳುವವರಿಲ್ಲ. ಡಿಸೆಂಬರದ ಮೊದಲನೆಯ ವಾರಕ್ಕೆ ಸರಕು ಹುಬ್ಬಳ್ಳಿ, ಗದಗುಗಳ ಮಾರಾಟದಲ್ಲಿರಬೇಕು. 2025ರಲ್ಲಿ ದೀಪಾವಳಿಯು ಅಕ್ಟೋಬರದಲ್ಲಿಯೇ ಬಂದುದರಿಂದ ನಡುವೆ ಐದಾರು ವಾರಗಳ ಬಿಡುವಿತ್ತು. 2026ರಲ್ಲಿ ಅಧಿಕಮಾಸದಿಂದಾಗಿ ಹಬ್ಬವು ನವೆಂಬರ 8ರ ಸುಮಾರಿಗೆ ಬೀಳುವದು; ಆ ವರುಷ ಮೂರು ವಾರಗಳು ಮಾತ್ರ. ಪಂಚಾಂಗ ನೋಡಿಯೇ ಕೆಲಸಕ್ಕೆ ಕೈಹಾಕಬೇಕು. ಹುಲ್ಲನ್ನಂತೂ ಗೋಧಿಯ ಸುಗ್ಗಿಯಲ್ಲಿಯೇ, ಯಂತ್ರವು ಹೊಲಕ್ಕೆ ಬರುವ ಮುಂಚೆ ಎರಡು ಸೂಡು ಕೊಯ್ದು, ಇಲಿಗೆ ಸಿಗದಂತೆ ತೊಲೆಗೆ ತೂಗಹಾಕಿ ಇಡತಕ್ಕದ್ದು.