ಗುಟ್ಟು ರಟ್ಟಾದ ಮೇಲೆ

‘ಕೊನೆ ಗೊತ್ತಿದ್ದ ಮೇಲೆ ಇನ್ನೇನು ನೋಡುವುದು?’ ಎನ್ನುವವರುಂಟು. 1960ರಲ್ಲಿ ‘ಸೈಕೋ’ ತೆರೆಕಂಡಾಗ, ಚಿತ್ರ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಕೂಡದೆಂದು ಹಿಚ್‌ಕಾಕ್ ತಾಕೀತು ಮಾಡಿದ್ದರು. ನೋಡಿದವರು ಕೊನೆಯ ಬಗ್ಗೆ ಬಾಯಿಬಿಡಬಾರದೆಂಬ ಕೋರಿಕೆಯೂ ಇತ್ತು. ಗುಟ್ಟೇ ಚಿತ್ರದ ಜೀವವಾದರೆ ಎರಡನೆಯ ಸಲಕ್ಕೆ ಉಳಿಯುವುದೇನು?

ಉತ್ತರಕ್ಕೆ ನಮ್ಮ ‘ಆಪ್ತಮಿತ್ರ’ವನ್ನೇ ನೋಡಿ. ಮಲಯಾಳದ ‘ಮಣಿಚಿತ್ರತಾಳ್’ (1993) ಆಧರಿಸಿ 2004ರಲ್ಲಿ ಬಂದ ಚಿತ್ರವಿದು. ಮೊದಲ ಸಲ ನೋಡುವಾಗ ನಮ್ಮ ಅನುಮಾನವೆಲ್ಲ ಪ್ರೇಮಾ ಮಾಡಿದ ಪಾತ್ರದ ಮೇಲೆ. ಮನೆಯೊಡೆಯನ ಹೆಂಡತಿ ಗಂಗಾಳನ್ನು ಶಂಕಿಸುವವರು ಕಡಿಮೆ. ‘ನಾಗವಲ್ಲಿ’ ಆಕೆಯೇ ಎಂದು ತಿಳಿದ ಮೇಲೆ ಮತ್ತೊಮ್ಮೆ ಕುಳಿತು ನೋಡಿ. ಕಣ್ಣು ಸೌಂದರ್ಯ ಅವರನ್ನು ಬಿಟ್ಟು ಕದಲುವುದಿಲ್ಲ. ಮುಚ್ಚಿದ ಕೋಣೆಯ ಬಗ್ಗೆ ಗಂಗಾಳಿಗಿದ್ದ ಕುತೂಹಲ ಈಗ ಬರೀ ಕುತೂಹಲವಾಗಿ ಕಾಣದು. ತನಗೇನಾಗುತ್ತಿದೆಯೆಂದು ಅವಳಿಗೇ ತಿಳಿಯದು, ನಮಗೆ ತಿಳಿದಿದೆ. ಭಯವಿದ್ದ ಜಾಗದಲ್ಲಿ ಮರುಕ ಹುಟ್ಟುತ್ತದೆ.

ಮತ್ತೊಂದು ಕೊನೆಯೂ ಇದೆ. ಆ ವರ್ಷದ ಏಪ್ರಿಲ್‌ನಲ್ಲಿ ಸೌಂದರ್ಯ ವಿಮಾನ ದುರಂತದಲ್ಲಿ ತೀರಿಕೊಂಡರು. ಚಿತ್ರ ಬಿಡುಗಡೆಯಾದದ್ದು ಆಗಸ್ಟ್‌ನಲ್ಲಿ. ಆ ಕೊನೆಯನ್ನು ತಿಳಿದೇ ಜನ ಟಿಕೆಟ್‌ಗಾಗಿ ಸಾಲು ನಿಂತರು. ಬರೀ ಗುಟ್ಟಿಗಾಗಿ ಸಿನಿಮಾ ನೋಡುತ್ತೇವೆಂದು ಯಾರು ಹೇಳಿದರು?