ಅಕ್ಕಿ ಮೂಟೆಯಲ್ಲಿ ಕ್ಯಾಮೆರಾ ಒಣಗುವುದಿಲ್ಲ

ಆಗಸ್ಟ್ ತಿಂಗಳು, ಕಾವೇರಿ ತುಂಬಿ ಹರಿಯುತ್ತಿದ್ದಳು. ಗಗನಚುಕ್ಕಿ ನೋಡುವ ಕಟ್ಟೆಯ ಮೇಲೆ ಒಬ್ಬ ಹುಡುಗ ಕ್ಯಾಮೆರಾ ಹಿಡಿದುಕೊಂಡು ಅಳುವ ಹಾಗೆ ನಿಂತಿದ್ದ. ಮಳವಳ್ಳಿಯಿಂದ ಎ.ಸಿ. ಹಾಕಿದ ಕಾರಿನಲ್ಲಿ ಬಂದು, ಇಳಿದವನೇ ಕ್ಯಾಮೆರಾ ತೆಗೆದಿದ್ದ. ಲೆನ್ಸ್ ತುಂಬ ಬಿಳಿ ಮಬ್ಬು. "ಅಣ್ಣಾ, ಒಳಕ್ಕೆ ನೀರು ಹೋಗ್ಬುಟ್ಟದೆ, ಕ್ಯಾಮೆರಾ ಹೋಯ್ತು" ಎಂದ. ಅಷ್ಟರಲ್ಲಿ ಶರ್ಟಿನ ತುದಿಯಿಂದ ಗಾಜನ್ನು ನಾಲ್ಕೈದು ಸಲ ಉಜ್ಜಿಯೂ ಆಗಿತ್ತು.

ನೀರು ಹೋಗಿರಲಿಲ್ಲ. ಫ್ರಿಜ್‌ನಿಂದ ತೆಗೆದ ಚೊಂಬು ಬೆವರುತ್ತದಲ್ಲ, ಇದೂ ಅದೇ. ಗಾಳಿಯಲ್ಲಿದ್ದ ತೇವ ತಣ್ಣನೆಯ ಗಾಜಿಗೆ ತಾಗಿ ಹನಿಗಟ್ಟಿದೆ, ಅಷ್ಟೆ. ಒರೆಸಿದರೆ ಮತ್ತೆ ಕೂರುತ್ತದೆ. ಗಾಬರಿಯಲ್ಲಿ ಲೆನ್ಸ್ ಬಿಚ್ಚಿದರಂತೂ ಆ ತೇವ ಸೆನ್ಸರ್ ಮೇಲೂ ಕೂರುತ್ತದೆ. ಗಾಜು ಹೊರಗಿನ ಗಾಳಿಯಷ್ಟೇ ಬೆಚ್ಚಗಾದರೆ ಮಬ್ಬು ತಾನಾಗಿ ಹೋಗುತ್ತದೆ. ಕ್ಯಾಮೆರಾವನ್ನು ಬ್ಯಾಗಿಗೆ ಹಾಕಿಸಿ, ಜಿಪ್ ಎಳೆಸಿ, ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಅರ್ಧ ಗಂಟೆಯ ಮೇಲೆ ಲೆನ್ಸ್ ತಿಳಿಯಾಗಿತ್ತು. ಜಲಪಾತ ಇನ್ನೊಂದು ಹದಿನೈದು ನಿಮಿಷ ಇರುವಾಗಲೇ ಎ.ಸಿ. ಆರಿಸಿ ಕಿಟಕಿ ಇಳಿಸಿದ್ದರೆ ಅದೂ ಬೇಕಿರಲಿಲ್ಲ. ಚಳಿಗಾಲದ ಬೆಳಗಿನಲ್ಲಿ ಮಂಡ್ಯದ ಕಡೆಯ ಆಲೆಮನೆಗಳಿಗೆ ಹೋಗುವವರಿಗೂ ಈ ಮಾತು ಸಲ್ಲುತ್ತದೆ. ಹೊರಗಿನ ಥಂಡಿಯಿಂದ ನೇರವಾಗಿ ಕುದಿಯುವ ಕೊಪ್ಪರಿಗೆಯ ಮುಂದೆ ನಿಂತರೆ ಲೆನ್ಸ್ ಕುರುಡಾಗುತ್ತದೆ. ಕತ್ತಲೆಂದು ಅಲ್ಲಿ ಫ್ಲ್ಯಾಶ್ ಹಾಕುವುದೂ ತಪ್ಪು. ಬೆಳಕು ಹಬೆಗೆ ಬಡಿದು ಹಿಂದಿರುಗುತ್ತದೆ, ಚಿತ್ರದಲ್ಲಿ ಬಿಳಿ ಗೋಡೆಯೊಂದೇ ಉಳಿಯುತ್ತದೆ.

ನೀರು ನಿಜಕ್ಕೂ ಒಳಹೊಕ್ಕರೆ? ಆಗ ಎಲ್ಲರ ಬಾಯಲ್ಲೂ ಒಂದೇ ಔಷಧಿ: "ಅಕ್ಕಿಯಲ್ಲಿ ಹೂತಿಡಿ, ಹೀರಿಕೊಳ್ಳುತ್ತದೆ." ಭತ್ತ ಬೆಳೆಯುವ ನಮ್ಮ ಸೀಮೆಯಲ್ಲಿ ಇದನ್ನು ನಂಬದವರು ಕಡಿಮೆ. ಮದ್ದೂರಿನ ಹತ್ತಿರ ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ನಾಟಿಯ ಚಿತ್ರ ತೆಗೆಯುತ್ತಿದ್ದ ನನ್ನ ಸ್ನೇಹಿತರೊಬ್ಬರು ಬದುವಿನಿಂದ ಜಾರಿದರು, ಕ್ಯಾಮೆರಾ ಗದ್ದೆಯಲ್ಲಿ ಮುಳುಗಿತು. ಮನೆಗೆ ಬಂದವರೇ ಅದನ್ನು ಅಕ್ಕಿ ಮೂಟೆಗೆ ತುರುಕಿದರು. ಮೂರು ದಿನ ಬಿಟ್ಟು ತೆಗೆದಾಗ ಜೂಮ್ ಉಂಗುರದ ಸಂದಿಯಲ್ಲಿ ಅಕ್ಕಿ ಹಿಟ್ಟು ಮೆತ್ತಿಕೊಂಡಿತ್ತು, ತಿರುಗಿಸಿದರೆ ಕರಕರ ಸದ್ದು.

ಮೂಟೆಯಲ್ಲಿರುವ ಅಕ್ಕಿಯಲ್ಲೇ ಸುಮಾರು ಶೇಕಡಾ 12ರಿಂದ 14ರಷ್ಟು ತೇವ ಇರುತ್ತದೆ. ಕ್ಯಾಮೆರಾದ ಹೊಟ್ಟೆಯೊಳಗಿನ ನೀರನ್ನು ಎಳೆದುಕೊಳ್ಳುವ ಶಕ್ತಿ ಅದಕ್ಕಿಲ್ಲ. ಗಾಳಿಯಾಡುವ ಜಾಗದಲ್ಲಿ ಸುಮ್ಮನೆ ಇಟ್ಟರೂ ಅಕ್ಕಿಗಿಂತ ವಾಸಿ. ಇನ್ನೊಂದು ಸಂಗತಿ ಇದೆ. ಕ್ಯಾಮೆರಾವನ್ನು ಕೊಲ್ಲುವುದು ಬರೀ ನೀರಲ್ಲ. ನೀರಿನಲ್ಲಿರುವ ಲವಣಗಳು ಮತ್ತು ವಿದ್ಯುತ್ ಒಟ್ಟು ಸೇರಿದಾಗ ಒಳಗಿನ ಲೋಹ ತುಕ್ಕು ಹಿಡಿಯತೊಡಗುತ್ತದೆ. ಆದ್ದರಿಂದ ಮೊದಲ ಕೆಲಸ ಬ್ಯಾಟರಿ ಕೀಳುವುದು. "ಕೆಲಸ ಮಾಡುತ್ತಾ ನೋಡೋಣ" ಎಂದು ಆನ್ ಮಾಡಲೇಬೇಡಿ. ಕಾರ್ಡ್ ತೆಗೆಯಿರಿ, ಮುಚ್ಚಳಗಳನ್ನೆಲ್ಲ ತೆರೆಯಿರಿ, ಹೊರಗಿನ ನೀರು ಒತ್ತಿ ಒರೆಸಿ ಫ್ಯಾನಿನ ಗಾಳಿಗಿಡಿ. ಹೇರ್ ಡ್ರೈಯರ್ ಬೇಡ, ಅದು ನೀರನ್ನು ಇನ್ನೂ ಒಳಕ್ಕೆ ನೂಕುತ್ತದೆ. ಗದ್ದೆಯ ಕೆಸರು ನೀರು ಹೊಕ್ಕಿದ್ದರೆ ಒಣಗುವ ತನಕ ಕಾಯದೆ ರಿಪೇರಿಯವರ ಕೈಗೆ ಕೊಡುವುದೇ ಸರಿ. "ನಮ್ಮದು ವೆದರ್ ಸೀಲ್ಡ್" ಎನ್ನುವವರೂ ಇದನ್ನು ಕೇಳಬೇಕು. ಆ ಮಾತಿನ ಅರ್ಥ ತುಂತುರು ತಡೆಯುತ್ತದೆ ಎಂದಷ್ಟೇ. ಸೀಲ್ ಇಲ್ಲದ ಲೆನ್ಸ್ ಹಾಕಿದರೆ ಅದೂ ಇಲ್ಲ.

ಬೀರುವಿನಲ್ಲಿ ಭದ್ರವಾಗಿಟ್ಟರೆ ಕ್ಯಾಮೆರಾ ಕ್ಷೇಮ ಎಂಬ ನಂಬಿಕೆಗೂ ಬಹಳ ಲೆನ್ಸ್‌ಗಳು ಬಲಿಯಾಗಿವೆ. ಕತ್ತಲು, ತೇವ, ಆಡದ ಗಾಳಿ: ಬೂಷ್ಟಿಗೆ ಇದಕ್ಕಿಂತ ಒಳ್ಳೆಯ ಮನೆಯಿಲ್ಲ. ಜೇಡರ ಬಲೆಯ ಎಳೆಗಳಂತೆ ಹಬ್ಬುವ ಅದು ಗಾಜಿನ ಲೇಪನವನ್ನೇ ತಿಂದುಬಿಡುತ್ತದೆ. ರೇಷ್ಮೆ ಸೀರೆಗೆ ಇಟ್ಟ ಹಾಗೆ ನುಸಿಗುಳಿಗೆ ಇಡುವವರಿದ್ದಾರೆ. ಅದರ ಆವಿ ಲೆನ್ಸ್‌ಗೆ ಕೆಡುಕು. ಕ್ಯಾಮೆರಾ ಜೊತೆ ಕೊಡುವ ಕೈಪಿಡಿಗಳಲ್ಲೇ ಈ ಎಚ್ಚರಿಕೆ ಇರುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಅದು ಬಣ್ಣ ಬದಲಾಯಿಸಿದರೆ ಹೊಸದು. ಇಷ್ಟು ಸಾಕು.

ಬ್ಯಾಟರಿ ಪೂರ್ತಿ ಖಾಲಿಯಾದ ಮೇಲೇ ಚಾರ್ಜ್ ಮಾಡಬೇಕೆಂಬುದು ಹಳೆಯ ನಿಕ್ಕಲ್ ಕ್ಯಾಡ್ಮಿಯಂ ಕಾಲದ ಮಾತು. ಈಗಿನ ಲಿಥಿಯಂ ಬ್ಯಾಟರಿಗೆ ಅದು ಬೇಕಿಲ್ಲ. ಅದಕ್ಕೆ ಶತ್ರು ಬಿಸಿಲು. ಮದ್ದೂರಿನಲ್ಲಿ ವಡೆ ತಿನ್ನಲು ಇಳಿದಾಗ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬ್ಯಾಗು ಬಿಟ್ಟು ಹೋಗಬೇಡಿ.

ಮದ್ದೂರು ತಾಲ್ಲೂಕಿನದೇ ಕೊಕ್ಕರೆ ಬೆಳ್ಳೂರಿಗೆ ಬೇಸಿಗೆಯಲ್ಲಿ ಹೋದರೆ ಇನ್ನೆರಡು ತಪ್ಪು ತಿಳಿವಳಿಕೆ ಎದುರಾಗುತ್ತವೆ. ಹೆಜ್ಜಾರ್ಲೆಗಳನ್ನೂ ಬಣ್ಣದ ಕೊಕ್ಕರೆಗಳನ್ನೂ ತವರಿಗೆ ಬಾಣಂತನಕ್ಕೆ ಬಂದ ಮಕ್ಕಳೆಂದು ಕಾಣುವ ಊರು ಅದು. ಮನೆಗಳ ಪಕ್ಕದ ಹುಣಸೆ ಮರಗಳಲ್ಲೇ ಗೂಡು. ಧೂಳಿನ ದಾರಿ. ಆಕಾಶದ ಚಿತ್ರದಲ್ಲಿ ಬೂದು ಚುಕ್ಕಿ ಕಂಡ ಕೂಡಲೇ ಜನ ಮುಂದಿನ ಗಾಜನ್ನು ಉಜ್ಜತೊಡಗುತ್ತಾರೆ. ಮುಂದಿನ ಗಾಜಿನ ಕಣ ಚಿತ್ರದಲ್ಲಿ ಕಾಣುವುದೇ ಅಪರೂಪ. ಚುಕ್ಕಿ ಎಲ್ಲ ಚಿತ್ರಗಳಲ್ಲೂ ಅದೇ ಜಾಗದಲ್ಲಿದ್ದರೆ ಧೂಳು ಇರುವುದು ಸೆನ್ಸರ್ ಮೇಲೆ. ಎಫ್ 16ರಲ್ಲಿ ಬರೀ ಆಕಾಶದ ಚಿತ್ರ ತೆಗೆದರೆ ಸ್ಪಷ್ಟವಾಗಿ ಕಾಣುತ್ತದೆ. ಬಾಯಿಂದ ಊದಿದರೆ ಎಂಜಲ ಹನಿ ಹಾರುತ್ತದೆ. ಅದಕ್ಕೆಂದೇ ಸಿಗುವ ರಬ್ಬರ್ ಬ್ಲೋವರ್ ಬಳಸಿ. ಲೆನ್ಸ್ ಬದಲಿಸುವಾಗ ಗಾಳಿಗೆ ಬೆನ್ನು ಕೊಟ್ಟು, ಕ್ಯಾಮೆರಾದ ಬಾಯಿ ಕೆಳಗೆ ಮಾಡಿ ಹಿಡಿದುಕೊಳ್ಳಿ.

ಎರಡನೆಯದು, "ಡಿಲೀಟ್ ಆದರೆ ಹೋಯ್ತು" ಎನ್ನುವುದು. ಆ ಊರಿನಲ್ಲೇ ಒಬ್ಬ ಯುವಕ ಮಸುಕಾದ ಚಿತ್ರಗಳನ್ನು ಅಳಿಸಲು ಹೋಗಿ, ಹೆಜ್ಜಾರ್ಲೆ ತನ್ನ ಗಂಟಲ ಚೀಲದಿಂದ ಮರಿಗೆ ಮೀನು ಉಣ್ಣಿಸುವ ಇಡೀ ಸಾಲನ್ನೇ ಅಳಿಸಿಬಿಟ್ಟಿದ್ದ. ಅಳಿಸಿದಾಗ ಸಾಮಾನ್ಯವಾಗಿ ಹೋಗುವುದು ವಿಳಾಸ ಮಾತ್ರ. ಬೇರೆ ಚಿತ್ರ ಆ ಜಾಗಕ್ಕೆ ಬರುವ ತನಕ ಹಳೆಯದು ಕಾರ್ಡಿನಲ್ಲೇ ಇರುತ್ತದೆ. ಕೂಡಲೇ ಕಾರ್ಡ್ ತೆಗೆಸಿ ಬೇರೆ ಹಾಕಿಸಿದೆ. ಸಂಜೆ ಮದ್ದೂರಿನಲ್ಲಿ ಲ್ಯಾಪ್‌ಟಾಪಿಗೆ ಹಾಕಿ ರಿಕವರಿ ಸಾಫ್ಟ್‌ವೇರ್ ಓಡಿಸಿದೆವು. ಒಂದೊಂದಾಗಿ ಚಿತ್ರಗಳು ಬಂದವು, ಮರಿಯ ಅಗಲ ಬಾಯಿ, ಬಾಗಿದ ಕೊಕ್ಕು. ಕೊನೆಯ ಎರಡು ಬರಲಿಲ್ಲ. ಅಳಿಸಿದ ಮೇಲೆ ಅವನು ತೆಗೆದಿದ್ದ ಒಂದು ಸಣ್ಣ ವಿಡಿಯೊ ಅವುಗಳ ಜಾಗದಲ್ಲಿ ಕೂತಿತ್ತು.